ಬಣ್ಣವಿಲ್ಲದ ಗ್ಲಾಸು

ಅಪ್ಪಾ,

ನೀನು ಹೋದ ಮೇಲೆ ಉಳಿದಿದ್ದ ಸಾಮಾನು ತರಲು ಇವತ್ತು ನೀನು ಕೆಲಸ ಮಾಡುತ್ತಿದ್ದ ಡಿಸ್ಟಿಲರಿಗೆ ಹೋಗಿದ್ದೆ. ನಿನ್ನ ಜೊತೆಗಿದ್ದ ಮೇಸ್ತ್ರಿ ಎರಡು ಗ್ಲಾಸು ಇಟ್ಟರು. ಒಂದರಲ್ಲಿ ಎಂಟು ವರ್ಷ ಮರದ ಪೀಪಾಯಿಯಲ್ಲಿ ಮಲಗಿದ್ದ ಬರ್ಬನ್ ವಿಸ್ಕಿ, ಜೇನಿನ ಬಣ್ಣ. ಇನ್ನೊಂದರಲ್ಲಿ ಆಗಷ್ಟೇ ಭಟ್ಟಿಯಿಂದ ಇಳಿದ ವಿಸ್ಕಿ, ನೀರಿನ ಹಾಗೆ.

"ಎರಡೂ ಒಂದೇ ಮೆಕ್ಕೆಜೋಳದ ಮಕ್ಕಳು ಕಣಮ್ಮಾ. ಯಾವುದು ಹಿಡಿಸ್ತು?"

ಬರ್ಬನ್ ಮೆತ್ತಗೆ ಇಳಿಯಿತು, ಸುಟ್ಟ ಸಕ್ಕರೆಯ ರುಚಿ. ಬಣ್ಣವಿಲ್ಲದ್ದು ಗಂಟಲು ಸುಟ್ಟಿತು. ಆದರೂ ಅದನ್ನೇ ಮತ್ತೆ ಮತ್ತೆ ಮೂಸಿದೆ. ಸಂಜೆ ಕೆಲಸದಿಂದ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಾಗಿನ ನಿನ್ನ ಅಂಗಿಯದೇ ವಾಸನೆ.

"ನಿಮ್ಮಪ್ಪ ಮೂಸಿ ನೋಡಿಯೇ ಹದ ಹೇಳೋನು. ಒಂದು ತೊಟ್ಟೂ ನಾಲಿಗೆಗೆ ಮುಟ್ಟಿಸಿದವನಲ್ಲ."

ಆ ವಾಸನೆಗೇ ನಿನ್ನನ್ನು ಕುಡುಕ ಅಂದುಕೊಂಡಿದ್ದೆ ನಾನು. ನನ್ನ ಮದುವೆಗೆ ಕುಡುಕರು ಬರೋದು ಬೇಡ ಅಂತ ನಾನು ಅಂದಾಗ ನೀನು ಯಾಕೆ ಬಾಯಿ ಬಿಡಲಿಲ್ಲ? "ಅಂಗಿ ಬದಲಾಯಿಸ್ಕೊಂಡು ಬರ್ಲಾ?" ಅಂತಷ್ಟೇ ಯಾಕೆ ಕೇಳಿದೆ?

ಯಾವುದು ಹಿಡಿಸಿತು ಅಂತ ಮೇಸ್ತ್ರಿ ಮತ್ತೆ ಕೇಳಿದರು. ಬಣ್ಣವಿಲ್ಲದ್ದನ್ನು ಮತ್ತೆ ಎತ್ತಿಕೊಂಡೆ. ಅವಸರದಲ್ಲಿ ಅದು ತೋಳಿನ ಮೇಲೆ ಚೆಲ್ಲಿತು.

ಮನೆ ಬಾಗಿಲಲ್ಲೇ ನನ್ನ ಮಗಳು ಮೂಗು ಮುಚ್ಚಿಕೊಂಡಳು. "ಅಮ್ಮಾ, ಕುಡಿದಿದ್ದೀಯಾ?"

ಬಟ್ಟೆ ಬದಲಾಯಿಸಲು ಹೋದೆ.