ಕುಚ್ಚಲಕ್ಕಿ ಡಬ್ಬದಲ್ಲಿದ್ದ ಪಂಪ್

ವಾರಿಜಕ್ಕಾ,

ಇವತ್ತು ತುರ್ಭೆಯ ಕ್ಲಿನಿಕ್ಕಿನಲ್ಲಿ ಡಾಕ್ಟರು ನನ್ನಿಂದ ಮೂರು ಸಲ ಕೊಳವೆಯೊಳಗೆ ಊದಿಸಿ, ನಿನ್ನ ಹಾಗೆ ನನಗೂ ಅಸ್ತಮಾ ಇದೆ ಎಂದರು. ಉಸಿರಿಗೆ ಎಳೆದುಕೊಳ್ಳಲು ಕೊಟ್ಟದ್ದು ನಿನ್ನದರಂಥದೇ ಕಂದು ಪಂಪ್.

"ಇದು ಸ್ಟಿರಾಯ್ಡ್ ಅಲ್ವಾ?" ಎಂದೆ.

"ಹೌದು, ಸ್ವಲ್ಪವೇ. ಹೆದರ್ಬೇಡ. ನೀಲಿ ಪಂಪ್ ಉಸಿರು ಕಟ್ಟಿದ ಹೊತ್ತಿಗೆ ಮಾತ್ರ, ಒಳಗಿನ ಬಾವು ಇಳಿಸೋದು ಇದು. ಆರಾಮ್ ಇದ್ರೂ ದಿನಾ ತಗೊಳ್ಬೇಕು. ಆರಾಮ್ ಇರೋದೇ ಇದರಿಂದ."

ಐರೋಲಿಯ ಗಂಡಿನ ಕಡೆಯವರು ನಿನ್ನನ್ನು ನೋಡಲು ಬಂದ ದಿನ ದೊಡ್ಡಮ್ಮ, "ಪಂಪ್ ಕಂಡ್ರೆ ಸಂಬಂಧ ತಪ್ತದೆ" ಎಂದರು. ನಿನ್ನ ಕಂದು ಪಂಪನ್ನು ಕುಚ್ಚಲಕ್ಕಿ ಡಬ್ಬದಲ್ಲಿ ಹುಗಿದಿಟ್ಟವಳು ನಾನು. ಅವರು ಒಪ್ಪಿ ಹೋದ ಮೇಲೆ ನೀನು ಪಂಪ್ ಕೇಳಿದೆ.

"ಚಂದ ಉಸಿರಾಡ್ತಾ ಇದ್ದಿಯಲ್ಲ, ಇನ್ನು ಎಂತಕ್ಕೆ? ಸ್ಟಿರಾಯ್ಡ್ ತಗೊಂಡು ಮದುಮಗಳ ಮುಖ ಬೊಂಡದ ಹಾಗೆ ಮಾಡ್ಕೊಳ್ತಿಯಾ?" ಎಂದು ನಾನು ನಕ್ಕೆ. ನೀನು ನಂಬಿದೆ.

ಆಮೇಲೆ ನೀನು ನೀಲಿ ಪಂಪನ್ನೇ ಗಳಿಗೆಗೊಮ್ಮೆ ಎಳೆದುಕೊಂಡೆ. ಒಂದು ಬೆಳಿಗ್ಗೆ ಅದೂ ಸಾಲದೆ, ಆಸ್ಪತ್ರೆ ಮುಟ್ಟುವ ಮೊದಲೇ ಹೋದೆ. ಮದುವೆಗೆ ಒಂಬತ್ತು ದಿನ ಉಳಿದಿತ್ತು.

"ಮನೆಯಲ್ಲಿ ಬೇರೆ ಯಾರಿಗಾದ್ರೂ ಇತ್ತಾ?" ಎಂದು ಇವತ್ತು ಡಾಕ್ಟರು ಕೇಳಿದರು. ಪಕ್ಕದಲ್ಲಿ ದೊಡ್ಡಮ್ಮ ಕೂತಿದ್ದರು. ಈಗ ನನಗೆ ಗಂಡು ನೋಡುತ್ತಿದ್ದಾರೆ.

"ಯಾರಿಗೂ ಇರ್ಲಿಲ್ಲ" ಎಂದೆ, ಅಕ್ಕಾ.