ಎಂಟು ಜನರ ಸರಾಸರಿ

ನನ್ನ ಅಮ್ಮಾ,

ಪಕ್ಕದ ಕೋಣೆಯಲ್ಲೇ ಇದ್ದುಕೊಂಡು ಪತ್ರ ಬರೆಯುತ್ತಿದ್ದಾಳಲ್ಲ ಎಂದು ನಗಬೇಡ. ಎದುರಿಗೆ ಹೇಳಲು ಬಂದರೆ ನೀನು ಒಲೆಯ ಕಡೆ ತಿರುಗಿಬಿಡುತ್ತೀಯ.

ಅಂದು ಲಿಫ್ಟು ನಡುದಾರಿಯಲ್ಲಿ ನಿಂತಾಗ ಒಳಗೆ ನೀನೂ ಸೇರಿ ಎಂಟು ಜನ. ಹೊರಗೆ ನಾನು ಬಾಗಿಲು ಬಡಿಯುತ್ತಿದ್ದೆ. ಮೇಲಿನ ಮನೆಯ ವಕೀಲರ ಮಾತು ನನಗೂ ಕೇಳಿಸಿತು: "ಭಾರ ಯಾರದು ಅಂತ ಬೇರೆ ಕೇಳಬೇಕಾ?" ಎಲ್ಲರೂ ನಕ್ಕರು. ಬಾಗಿಲು ತೆರೆದ ಮೇಲೆ ನೀನು ಯಾರ ಮುಖವನ್ನೂ ನೋಡದೆ, ಕಂಬಿ ಹಿಡಿದು ಮೆಟ್ಟಿಲು ಹತ್ತಿ ಮನೆ ಸೇರಿದೆ. ಆಮೇಲೆ ಇಳಿದೇ ಇಲ್ಲ. ಮೆಟ್ಟಿಲೆಂದರೆ ಮೊಣಕಾಲು ಕೇಳದು, ಲಿಫ್ಟೆಂದರೆ ಮನಸ್ಸು ಕೇಳದು. ಐದನೇ ಮಹಡಿಯ ಈ ಮೂರು ಕೋಣೆಯೇ ನಿನ್ನ ಲೋಕವಾಗಿ ಹೋಯಿತು. ನಿನ್ನ ಗೆಳತಿ ಟೈಲರಮ್ಮ ಫೋನ್ ಮಾಡಿ ಕರೆದರೆ, "ಇವತ್ತು ತಲೆನೋವು ಕಣೇ" ಎನ್ನುತ್ತೀಯ. ದಿನಾ ತಲೆನೋವೇ.

ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳಲ್ಲವೇ, ನಾನು ಲೆಕ್ಕ ಹಿಡಿದು ಬಂದೆ. ಲಿಫ್ಟು ಹೊರುವುದು ಆರುನೂರು ಕಿಲೋ. ಎಂಟು ಜನರ ಸರಾಸರಿ ಎಪ್ಪತ್ತೈದು ದಾಟಬಾರದು. ಒಬ್ಬೊಬ್ಬರನ್ನೇ ನೋಡಿದರೆ ದಾಟುವವರು ಬೇಕಾದಷ್ಟು ಸಿಗುತ್ತಾರೆ. ಆದರೆ ಸಿಕ್ಕಸಿಕ್ಕ ಎಂಟು ಜನ ಒಟ್ಟಿಗೆ ಹತ್ತಿದರೆ, ದಪ್ಪಗಿರುವವರ ತೂಕವನ್ನು ತೆಳ್ಳಗಿರುವವರು ಸರಿದೂಗಿಸುತ್ತಾರೆ. ಅಂಥ ಗುಂಪುಗಳ ಸರಾಸರಿ ಒಬ್ಬೊಬ್ಬರ ತೂಕದಂತೆ ಎಲ್ಲೆಂದರಲ್ಲಿ ಹರಡುವುದಿಲ್ಲ, ನಡುವಿನ ಆಸುಪಾಸಿನಲ್ಲೇ ಇರುತ್ತದೆ. ನಮ್ಮ ಕಟ್ಟಡದವರ ತೂಕ ಅಂದಾಜು ಮಾಡಿ ನೋಡಿದೆ: ಸಾವಿರ ಗುಂಪು ಹತ್ತಿದರೆ ಮಿತಿ ಮೀರುವುದು ನಾಲ್ಕೋ ಐದೋ. ನೀನು ಪ್ರತಿ ಗುಂಪಿನಲ್ಲೂ ಇದ್ದೀಯ ಎಂದುಕೊಂಡರೂ ನೂರಕ್ಕೆ ಎರಡು. ಮೀರಿದರೆ ಲಿಫ್ಟು ಹೊರಡುವುದೇ ಇಲ್ಲ, ನಿಂತಲ್ಲೇ ಕೂಗುತ್ತದೆ. ರಿಪೇರಿಯವನೂ "ಬಾಗಿಲಿನ ಸ್ವಿಚ್ ಸುಟ್ಟಿತ್ತು, ಅಷ್ಟೇ" ಅಂದ.

ಎಲ್ಲ ಕೇಳಿಸಿಕೊಂಡು ನೀನು ಅಂದೆ: "ಲೆಕ್ಕ ಸರಿ ಇರ್ಬೋದು ಮಗಳೇ. ಅವರೆಲ್ಲ ತಿರುಗಿ ನೋಡಿದ್ರಲ್ಲ, ಅದನ್ನ ಯಾವ ಸರಾಸರಿಗೆ ಹಾಕ್ತೀಯ?"

ನಾನು ಲೆಕ್ಕದ ಹಾಳೆ ಮಡಚಿಟ್ಟೆ.

ನಿನ್ನೆ ಮಧ್ಯಾಹ್ನ ಕಾಲೇಜಿನಿಂದ ಬೇಗ ಬಂದೆ. ಮೆಟ್ಟಿಲ ತಿರುವಿನಿಂದ ಕಂಡೆ: ನೀನು ಹೊರಗೆ ಹೋಗುವ ಬಟ್ಟೆ ತೊಟ್ಟು, ಕೈಚೀಲ ಹಿಡಿದು ಲಿಫ್ಟಿನ ಮುಂದೆ ನಿಂತಿದ್ದೆ. ಬಾಗಿಲು ತೆರೆಯಿತು. ಒಳಗೆ ಯಾರೂ ಇರಲಿಲ್ಲ. ಆದರೂ ನೀನು, ಯಾರಿಗೋ ದಾರಿ ಬಿಡುವವಳಂತೆ, ಪಕ್ಕಕ್ಕೆ ಸರಿದು ನಿಂತೆ. ಬಾಗಿಲು ಮುಚ್ಚಿಕೊಂಡಿತು. ನಾನು ಸದ್ದು ಮಾಡದೆ ಒಂದು ಮಹಡಿ ಕೆಳಗಿಳಿದು, ನೀನು ಮನೆಯೊಳಗೆ ಹೋಗುವವರೆಗೂ ಅಲ್ಲೇ ಕೂತಿದ್ದೆ.

ಇನ್ನು ಲೆಕ್ಕ ಹೇಳುವುದಿಲ್ಲ ಅಮ್ಮಾ. ನಾಳೆ ನನಗೆ ರಜೆ. ನಿನ್ನ ಜೊತೆ ಅಲ್ಲಿ ನಿಲ್ಲುತ್ತೇನೆ. ಹತ್ತಲೇಬೇಕೆಂದಿಲ್ಲ. ಬಾಗಿಲು ತೆರೆದಾಗ ಪಕ್ಕಕ್ಕೆ ಮಾತ್ರ ಸರಿಯಬೇಡ.

ನಿನ್ನ ಕಾಲಿಗೆ ಬಲ, ಮನಸ್ಸಿಗೆ ನೆಮ್ಮದಿ ಸಿಗಲಿ.

ಗೋಡೆಯಾಚೆಯಿಂದ,
ನಿನ್ನ ಮಗಳು