ನರಿಮರಿಯ ಟ್ರ್ಯಾಕ್

ಮಾರ್ಚ್ 4, ಬೆಳಿಗ್ಗೆ

ಬಟ್ಟೆ ಒಣಹಾಕುತ್ತಿದ್ದಾಗ ಕೊರಿಯರ್ ಬಂತು. ಹಾರ್ಡ್ ಡಿಸ್ಕ್. ಇವರು ಕಳಿಸಿದ್ದು — ‘ಇವರು’ ಅಂತ ಬರೆದುಬಿಟ್ಟೆ. ಬೇರೆಯಾಗಿ ಐದು ತಿಂಗಳಾಯಿತು. ಅವರು.

ಮಕ್ಕಳ ಕಥೆಯ ಆಡಿಯೋ. ಇಬ್ಬರೂ ಸೇರಿ ಮಾಡುತ್ತಿದ್ದು ಅರ್ಧಕ್ಕೆ ಬಿಟ್ಟದ್ದು. ದನಿ ನನ್ನದು, ರೆಕಾರ್ಡಿಂಗ್ ಅವರದು. ಪ್ರಕಾಶಕರು ಬೆನ್ನು ಬಿದ್ದಿದ್ದಾರೆ. ಗಂಡನಿಗೆ ಹೊಸ ಕೆಲಸ, ಪುರುಸೊತ್ತಿಲ್ಲವಂತೆ. ಮುಗಿಸುವುದು ನನ್ನ ತಲೆಗೆ.

ಡಿಸ್ಕ್ ಹಾಕಿದರೆ ನನ್ನ ವಿಂಡೋಸ್ ಲ್ಯಾಪ್‌ಟಾಪ್ ಕೇಳಿದ್ದು ಒಂದೇ — ಫಾರ್ಮ್ಯಾಟ್ ಮಾಡಲೇ? ಹೂಂ ಅಂದಿದ್ದರೆ ಎಲ್ಲಾ ಅಳಿಸಿಹೋಗುತ್ತಿತ್ತು. ಕೈ ಹಿಂದಕ್ಕೆ ತೆಗೆದೆ.

ಮಾರ್ಚ್ 6

ಫೋನ್ ಮಾಡಲೇಬೇಕಾಯಿತು.

“ಅದು ಮ್ಯಾಕ್ ಡಿಸ್ಕು. ನಿನ್ನ ಕಂಪ್ಯೂಟರ್ ಓದಲ್ಲ,” ಅಂದರು. “ಎರಡೂ ಓದೋ ಥರ ಪೆನ್‌ಡ್ರೈವ್‌ಗೆ ಹಾಕಿ ಕಳಿಸ್ತೀನಿ.”

“ಹೂಂ. ಅತ್ತೆ ಹೇಗಿದ್ದಾರೆ?”

“ಇದ್ದಾರೆ. ನಿನ್ನ ಕೇಳ್ತಿರ್ತಾರೆ.”

ಬ್ಯಾಟರಿ ಮುಗಿಯುತ್ತಿದೆ ಅಂದೆ. ಮುಗಿದಿರಲಿಲ್ಲ.

ಮಾರ್ಚ್ 13

ಪೆನ್‌ಡ್ರೈವ್ ಬಂತು. ಪ್ರಾಜೆಕ್ಟ್ ತೆರೆಯಿತು — ಹೆಸರಿಗಷ್ಟೇ. ಇಡೀ ಕಥೆ ನಿಧಾನ, ದಪ್ಪ ದನಿ. ದನಿಯ ವೇಗ ತೀರ್ಮಾನಿಸುವ ಸ್ಯಾಂಪಲ್ ರೇಟ್ ಅಲ್ಲಿಯದು ಬೇರೆ, ನನ್ನದು ಬೇರೆ. ಅದನ್ನು ನಾನೇ ಸರಿಮಾಡಿಕೊಂಡೆ. ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಆದರೆ ಅವರ ಎಫೆಕ್ಟುಗಳು ಒಂದೂ ನನ್ನಲ್ಲಿಲ್ಲ. ಗುಹೆಯಲ್ಲಿ ಗರ್ಜಿಸಬೇಕಾದ ಸಿಂಹ ಪಕ್ಕದಲ್ಲೇ ಕೂತು ಗೊಣಗಿದ ಹಾಗೆ.

ಮತ್ತೆ ಫೋನ್.

“ಒಂದೊಂದು ಪ್ರಾಣಿಯ ಟ್ರ್ಯಾಕನ್ನೂ ಎಫೆಕ್ಟ್ ಸಮೇತ ಬೇರೆ ಫೈಲ್ ಮಾಡ್ತೀನಿ. ಎಲ್ಲಾ ಕಥೆಯ ಮೊದಲಿಂದಲೇ ಶುರುವಾಗುತ್ತೆ. ಒಂದರ ಕೆಳಗೊಂದು ಇಡು, ತಾನಾಗೇ ಕೂಡಿಕೊಳ್ಳುತ್ತೆ.”

“ಎಲ್ಲಾ ಒಟ್ಟಿಗೆ ಬೇಡ. ದಿನಕ್ಕೊಂದು ಕಳಿಸಿ. ನನ್ನ ನೆಟ್ ನಿಧಾನ.”

ನೆಟ್ ಚೆನ್ನಾಗಿಯೇ ಇದೆ.

ಮಾರ್ಚ್ 17

ದಿನಾ ಸಂಜೆ ಫೋನ್. “ಬಂತಾ?” “ಬಂತು. ತೆರೀತು.” ಅಷ್ಟೇ. ಆದರೂ ಮಧ್ಯಾಹ್ನದಿಂದಲೇ ಫೋನ್ ಪಕ್ಕದಲ್ಲಿಟ್ಟುಕೊಂಡು ಕೂರುತ್ತೇನೆ. ಸ್ನಾನಕ್ಕೂ ಹೊತ್ತು ನೋಡಿ ಹೋಗುತ್ತೇನೆ. ನಿನ್ನೆ ಸಿಂಹ ಬಂತು, ಇವತ್ತು ಆಮೆ.

ಮಾರ್ಚ್ 20

ಕಥೆಯಲ್ಲಿ ನರಿಮರಿಯ ಮಾತೊಂದನ್ನು ನಾನಿನ್ನೂ ರೆಕಾರ್ಡ್ ಮಾಡಿರಲಿಲ್ಲ. ಇವತ್ತು ಆ ಹೆಸರಿನ ಟ್ರ್ಯಾಕ್ ಬಂತು. ಯಾವುದೋ ಹೆಣ್ಣುಮಗಳ ದನಿ.

ಸಂಜೆಯವರೆಗೆ ಕಾಯದೆ ನಾನೇ ಫೋನ್ ಮಾಡಿದೆ.

“ಅದು ಯಾರು?”

“ತಪ್ಪಿ ಬಂದಿರಬೇಕು. ಆಗ ನೀನು ಫೋನೇ ಎತ್ತುತ್ತಿರಲಿಲ್ಲವಲ್ಲ... ಆಫೀಸಿನವಳೊಬ್ಬಳ ಹತ್ರ ಹೇಳಿಸಿ ನೋಡ್ದೆ.”

“ಬರೀ ಆಫೀಸಿನವಳಾ?”

“ಆಗ ಹೌದು. ಈಗ ಅಲ್ಲ.”

ಸರಿ ಅಂದೆ.

ಮಾರ್ಚ್ 28

ಇಷ್ಟು ದಿನ ಲ್ಯಾಪ್‌ಟಾಪ್ ಮುಟ್ಟಲಿಲ್ಲ. ಅವರೂ ಫೋನ್ ಮಾಡಲಿಲ್ಲ, ಉಳಿದ ಫೈಲುಗಳನ್ನೆಲ್ಲ ಒಟ್ಟಿಗೇ ಕಳಿಸಿದ್ದಾರೆ.

ಇವತ್ತು ಹೊರಗಿನ ಸದ್ದು ಬರದ ಹಾಗೆ ಕಿಟಕಿ ಮುಚ್ಚಿ, ತಲೆತುಂಬ ಕಂಬಳಿ ಹೊದ್ದು, ನರಿಮರಿಯ ಮಾತನ್ನು ನಾನೇ ಹೇಳಿದೆ. ದಾರಿ ತಪ್ಪಿದ ಮರಿ ಅಮ್ಮನನ್ನು ಕರೆಯುವ ಜಾಗ. ಮತ್ತೆ ಮತ್ತೆ ಹೇಳಿದೆ. ನನ್ನ ಮರಿಗೆ ಕೋಪ ಬಂದಿದೆ. ಅವಳ ಮರಿ ಹೆದರಿದೆ. ಕಥೆಗೆ ಬೇಕಾದದ್ದು ಅವಳದೇ. ಹೊಟ್ಟೆ ಉರಿಯಿತು. ಆದರೂ ಅವಳದೇ.

ಅದನ್ನೇ ಇಟ್ಟೆ. ಎಲ್ಲಾ ಒಂದರ ಕೆಳಗೊಂದು. ಮಾತಿಗೆ ಮಾತು ಕೂಡಿಕೊಂಡಿತು. ಅವಳು “ಅಮ್ಮಾ” ಅಂದಾಗ ಆಮೆ “ಬಾ ಕಂದ, ನಾನಿದ್ದೀನಿ” ಅನ್ನುತ್ತದೆ. ಆಮೆ ನಾನು.

ಏಪ್ರಿಲ್ 2, ಸಂಜೆ

ಪ್ರಕಾಶಕರಿಗೆ ತುಂಬ ಹಿಡಿಸಿತು. ನರಿಮರಿ ಯಾರು, ಹೆಸರು ಹಾಕಬೇಕಲ್ಲ ಅಂದರು. ಅದಕ್ಕೂ ಗಂಡನಿಗೇ ಫೋನ್ ಮಾಡಬೇಕು. ಮಾಡಿದೆ.

“ಅವಳದನ್ನೇ ಇಟ್ಟೆಯಾ?”

“ಅದೇ ಚೆನ್ನಾಗಿತ್ತು. ಹೆಸರು ಹೇಳಿ.”

ಹೇಳಿದರು. ಕಾಗುಣಿತ ತಪ್ಪದ ಹಾಗೆ ಬರೆದುಕೊಂಡೆ.

“ಇನ್ನೇನಾದ್ರೂ ಫೈಲ್ ಕಳಿಸೋದಿದೆಯಾ?” ಅಂತ ಅವರೇ ಕೇಳಿದರು.

“ಇಲ್ಲ. ಎಲ್ಲಾ ಬಂತು.”

ನಾನೇ ಮೊದಲು ಫೋನ್ ಇಟ್ಟೆ. ಇನ್ನೂ ಬೆಳಕಿದೆ. ನಾಳೆ ಈ ಹೊತ್ತಿಗೆ ಫೋನ್ ಮಾಡಲು ನನಗೆ ಯಾವ ನೆಪವೂ ಇಲ್ಲ.